ಮೂಕಿಯಿಂದ ಚಾಲಕಪೀಠದವರೆಗೆ: ಬೆಂಗಳೂರು ಗ್ರಾಮಾಂತರ ಸೀಮೆಯ ರಸ್ತೆಗಳಲ್ಲಿ ಸದ್ದು, ಕಂಪನ ಮತ್ತು ಸಾರಥಿಯ ಸೌಖ್ಯ

೧

ರಸ್ತೆಗಳ ಇತಿಹಾಸವನ್ನು ಬರೆಯುವುದರಲ್ಲಿ ನಮ್ಮಲ್ಲಿ ಒಂದು ರೂಢಿ ಬೆಳೆದುಬಂದಿದೆ. ಯಾವ ಅರಸನ ಅಥವಾ ಯಾವ ಅಧಿಕಾರಿಯ ಕಾಲದಲ್ಲಿ ಎಷ್ಟು ಮೈಲಿ ರಸ್ತೆ ನಿರ್ಮಾಣವಾಯಿತು, ಯಾವ ಹೊಳೆಗೆ ಎಂದು ಸೇತುವೆಯಾಯಿತು, ಆ ಮಾರ್ಗದಲ್ಲಿ ಯಾವ ಸೇನೆ ನಡೆಯಿತು, ಯಾವ ಸರಕು ಸಾಗಿತು ಎಂಬ ವಿವರಗಳನ್ನು ಕಲೆಹಾಕಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಈ ವಿವರಗಳ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ರಸ್ತೆಯ ಮೇಲೆ ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಕುಳಿತು ವಾಹನವನ್ನು ನಡೆಸಿದವನ ಬೆನ್ನಿಗೂ ಕಿವಿಗೂ ಆ ರಸ್ತೆ ಏನು ಮಾಡಿತೆಂಬ ಪ್ರಶ್ನೆ ನಮ್ಮ ಚರಿತ್ರೆಯ ಪುಟಗಳಲ್ಲಿ ಎದ್ದದ್ದು ಅಪರೂಪ. ರಸ್ತೆ ಕಲ್ಲಿನಿಂದಾದದ್ದು, ವಾಹನ ಮರ ಮತ್ತು ಕಬ್ಬಿಣಗಳಿಂದಾದದ್ದು. ಇವೆರಡರ ನಡುವಣ ತಿಕ್ಕಾಟವೆಲ್ಲ ಕೊನೆಗೆ ಹೋಗಿ ಸೇರುವುದು ಸಾರಥಿಯ ಶರೀರವನ್ನು.

ಈ ಪ್ರಶ್ನೆಯನ್ನು ಒಂದು ಸೀಮಿತ ಪ್ರದೇಶಕ್ಕೆ ಅನ್ವಯಿಸಿ ವಿಚಾರಮಾಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟು ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡಿತು. ೨೦೦೭ರಲ್ಲಿ ರಾಮನಗರ ಜಿಲ್ಲೆ ಅದರಿಂದ ಪ್ರತ್ಯೇಕವಾದಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲೂಕುಗಳು ಉಳಿದುವು. ಈ ನಾಲ್ಕು ಊರುಗಳೂ ಬೆಂಗಳೂರಿನ ಸುತ್ತ ಅರ್ಧಚಂದ್ರಾಕಾರವಾಗಿ, ಒಂದೊಂದು ಹೆದ್ದಾರಿಯ ಬಾಗಿಲಂತೆ ನಿಂತಿವೆ. ಹೊಸಕೋಟೆ ಹಳೆಯ ಮದರಾಸು ರಸ್ತೆಯ ಮೇಲಿದೆ. ದೇವನಹಳ್ಳಿ ಬಳ್ಳಾರಿ ಮತ್ತು ಹೈದರಾಬಾದುಗಳ ದಾರಿಯಲ್ಲಿದೆ. ದೊಡ್ಡಬಳ್ಳಾಪುರದ ಮೂಲಕ ಹಿಂದೂಪುರದ ಕಡೆಗೆ ಹೋಗುತ್ತೇವೆ. ನೆಲಮಂಗಲದಲ್ಲಿ ಪುಣೆಯ ದಾರಿ ಮತ್ತು ಮಂಗಳೂರಿನ ದಾರಿ ಕವಲೊಡೆಯುತ್ತವೆ. ಬೆಂಗಳೂರನ್ನು ಬಿಟ್ಟು ಈ ದಿಕ್ಕುಗಳಿಗೆ ಹೊರಟ ಯಾವ ಸಾರಥಿಯೂ ಈ ನೆಲವನ್ನು ಹಾಯದೆ ಹೋಗುವಂತಿರಲಿಲ್ಲ. ಆದಕಾರಣ ಸಾರಥಿಯ ಸೌಖ್ಯದ ಚರಿತ್ರೆಯನ್ನು ಬರೆಯಲು ಇದಕ್ಕಿಂತ ತಕ್ಕ ಪ್ರದೇಶ ಸುಲಭವಾಗಿ ದೊರೆಯದು.

೨

ಮೊದಲು ಪ್ರಾಚೀನ ಸ್ಥಿತಿಯನ್ನು ಗಮನಿಸೋಣ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದದ್ದು, ನಮ್ಮ ನಾಲ್ಕು ತಾಲೂಕುಗಳೂ ಅದರಲ್ಲಿ ಬರುತ್ತವೆ. ಶಾಸನಗಳ ಆಸಕ್ತಿ ದಾನದಲ್ಲಿ, ವೀರಮರಣದಲ್ಲಿ, ಸುಂಕದಲ್ಲಿ. ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ಸುಂಕವನ್ನು ಗೊತ್ತುಮಾಡುವ ಕ್ರಮ ಕನ್ನಡ ನಾಡಿನ ಶಾಸನಗಳಿಗೆ ಹೊಸದಲ್ಲ. ಹೇರು ಎಂದರೆ ಎತ್ತಿನ ಬೆನ್ನಿನ ಮೇಲಿನ ಹೊರೆ. ಚಕ್ರ ಓಡಲು ತಕ್ಕ ದಾರಿಯಿಲ್ಲದ ಕಡೆ ಸರಕೆಲ್ಲ ಹೇರೆತ್ತುಗಳ ಮೇಲೆಯೇ ಸಾಗುತ್ತಿತ್ತು. ಅವುಗಳನ್ನು ನಡೆಸುವವನು ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದನು. ಅವನಿಗೆ ದಣಿವುಂಟು, ಕಂಪನವಿಲ್ಲ.

ಶ್ರೀಮಂತರು ಮತ್ತು ಅಧಿಕಾರಿಗಳು ಪಲ್ಲಕ್ಕಿಯಲ್ಲಿ ಪ್ರಯಾಣಮಾಡಿದರು. ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಪಲ್ಲಕ್ಕಿ ಬಹು ಉತ್ತಮವಾದ ತೂಗುವಾಹನ. ನೆಲದ ಏರುತಗ್ಗುಗಳನ್ನೆಲ್ಲ ಹೊರುವವರ ಮಂಡಿ, ಸೊಂಟ ಮತ್ತು ಹೆಗಲುಗಳು ನುಂಗಿಕೊಳ್ಳುತ್ತಿದ್ದುವು. ಎಲ್ಲರ ಹೆಜ್ಜೆಯೂ ಒಮ್ಮೆಗೇ ಬಿದ್ದರೆ ಪಲ್ಲಕ್ಕಿ ಕುಲುಕಾಡುವುದರಿಂದ, ಹೆಜ್ಜೆಗಳನ್ನು ಹಿಂದುಮುಂದಾಗಿ ಇಡುವುದನ್ನು ಬೋವಿಗಳು ಅಭ್ಯಾಸಮಾಡಿಕೊಂಡಿದ್ದರು. ಒಳಗೆ ಕುಳಿತವನ ಸೌಖ್ಯ ಹೊರಗೆ ಹೊತ್ತವನ ಶರೀರದಿಂದ ಬಂದದ್ದು. ಈ ಸಂಬಂಧವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ವಾಹನ ಬದಲಾದರೂ ಈ ಸಂಬಂಧ ಬಹುಕಾಲ ಬದಲಾಗಲಿಲ್ಲವೆಂಬುದೇ ಈ ಪ್ರಬಂಧದ ಮುಖ್ಯ ವಾದ.

ಎತ್ತಿನ ಗಾಡಿಯ ರಚನೆಯನ್ನು ಈಗ ಪರೀಕ್ಷಿಸೋಣ. ಮರದ ಅಚ್ಚು, ಅದರ ಮೇಲೆ ನೇರವಾಗಿ ಕುಳಿತ ಚೌಕಟ್ಟು, ಕಬ್ಬಿಣದ ಪಟ್ಟಿ ಬಿಗಿದ ಎರಡು ದೊಡ್ಡ ಚಕ್ರಗಳು. ನೆಲಕ್ಕೂ ಕುಳಿತವನಿಗೂ ನಡುವೆ ಬಳುಕುವ ವಸ್ತು ಒಂದೂ ಇಲ್ಲ. ಚಕ್ರದ ಗಾತ್ರ ದೊಡ್ಡದಾದುದರಿಂದ ಸಣ್ಣ ಹಳ್ಳಗಳ ಮೇಲೆ ಅದು ಇಳಿಯದೆ ದಾಟಿಹೋಗುತ್ತದೆ ಎಂಬುದೊಂದೇ ಅನುಕೂಲ. ಮನೆಯವರು ಜಾತ್ರೆಗೋ ಮದುವೆಗೋ ಹೊರಟಾಗ ಕಮಾನು ಕಟ್ಟಿ, ಗಾಡಿಯೊಳಗೆ ಹುಲ್ಲು ಹರಡಿ, ಅದರ ಮೇಲೆ ಜಮಖಾನೆ ಹಾಸುತ್ತಿದ್ದರು. ಆ ಹುಲ್ಲೇ ಅಂದಿನ ಕಂಪನನಿರೋಧಕ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ದೂರದೂರದಿಂದ ಗಾಡಿ ಕಟ್ಟಿಕೊಂಡು ಬಂದ ಕುಟುಂಬಗಳ ಸೌಖ್ಯವನ್ನು ಈ ಹುಲ್ಲಿನ ದಪ್ಪದಿಂದ ಅಳೆಯಬಹುದಾಗಿತ್ತು. ಆದರೆ ಗಾಡಿ ಹೊಡೆಯುವವನ ಸ್ಥಾನ ಹುಲ್ಲಿನ ಮೇಲಲ್ಲ, ಮುಂದಣ ಮೂಕಿಯ ಮೇಲೆ. ಚಕ್ರದ ಪೆಟ್ಟೂ ನೊಗದ ಎಳೆತವೂ ಮೂಕಿಯಲ್ಲಿ ಕೂಡುತ್ತವೆ. ಒಂದು ಗೋಣಿಚೀಲವನ್ನು ಮಡಿಸಿ ಹಾಕಿಕೊಂಡರೆ ಅವನ ಭೋಗ ಅಲ್ಲಿಗೆ ಮುಗಿಯಿತು.

ಸದ್ದಿನ ವಿಷಯದಲ್ಲಿ ಮಾತ್ರ ಗಾಡಿಯವನ ಸ್ಥಿತಿ ಬೇರೆಯಾಗಿತ್ತು. ಅವನಿಗೆ ಸದ್ದು ಪೀಡೆಗಿಂತ ಹೆಚ್ಚಾಗಿ ಸಮಾಚಾರ. ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಒಣಗಿದೆಯೆಂದು ತಿಳಿಯುತ್ತಿತ್ತು. ಚಕ್ರ ಕಟಕಟನೆ ಸದ್ದುಮಾಡಿದರೆ ಕಡಾಣಿ ಸಡಿಲವಾಗಿದೆಯೆಂದು ತಿಳಿಯುತ್ತಿತ್ತು. ಎತ್ತುಗಳ ಕೊರಳ ಗಂಟೆಯ ಲಯ ಕೆಟ್ಟರೆ ಒಂದು ಎತ್ತು ಕುಂಟುತ್ತಿದೆಯೆಂಬ ಅರಿವಾಗುತ್ತಿತ್ತು. ಸದ್ದನ್ನೆಲ್ಲ ಶತ್ರುವೆಂದು ಎಣಿಸಬಾರದು. ವಾಹನದ ಸದ್ದಿನಲ್ಲಿ ಸಾರಥಿಗೆ ಬೇಕಾದ ಭಾಗವೂ ಬೇಡವಾದ ಭಾಗವೂ ಬೆರೆತಿರುತ್ತವೆ.

೩

೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತ ರಸ್ತೆಗಳಿಗೆ ಪ್ರಸಿದ್ಧವಾದದ್ದು. ೧೮೫೬ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಗುವ ವೇಳೆಗೆ ಸಂಸ್ಥಾನದಲ್ಲಿ ಸುಮಾರು ೧,೬೦೦ ಮೈಲಿ ರಸ್ತೆಯೂ ಮುನ್ನೂರಕ್ಕೂ ಹೆಚ್ಚು ಸೇತುವೆಗಳೂ ಸಿದ್ಧವಾಗಿದ್ದುವು. ಹೇರೆತ್ತಿನ ದಾರಿ ಗಾಡಿಯ ದಾರಿಯಾಗಿ ಮಾರ್ಪಟ್ಟಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಮೇಲೆ ಮದರಾಸಿನ ದೂರಪ್ರಯಾಣ ರೈಲಿಗೆ ಸೇರಿತು. ಹಳೆಯ ಮದರಾಸು ರಸ್ತೆಯಲ್ಲಿ ಹೊಸಕೋಟೆ, ಕೋಲಾರಗಳ ನಡುವಣ ಹತ್ತಿರದ ಸಂಚಾರ ಉಳಿದುಕೊಂಡಿತು. ದೊಡ್ಡಬಳ್ಳಾಪುರದ ಮಾರ್ಗವಾಗಿ ಹಿಂದೂಪುರದ ಕಡೆಗೆ ರೈಲುದಾರಿ ಬಂದದ್ದು ೧೮೯೦ರ ದಶಕದಲ್ಲಿ.

ಜಲ್ಲಿ ಹಾಸಿ, ಮಣ್ಣು ಹರಡಿ, ನೀರು ಹಾಕಿ ಉರುಳು ಎಳೆದು ಮಾಡಿದ ರಸ್ತೆ ಹೊಸದರಲ್ಲಿ ನುಣುಪಾಗಿರುತ್ತಿತ್ತು. ಆದರೆ ಕಬ್ಬಿಣದ ಪಟ್ಟಿಯ ಚಕ್ರಗಳು ಒಂದೇ ಜಾಡಿನಲ್ಲಿ ಹಾದುಹಾದು ಅದನ್ನು ಕೊರೆಯುತ್ತಿದ್ದುವು. ಮಳೆಗಾಲ ಕಳೆದಮೇಲೆ ಜಲ್ಲಿ ಮೇಲೆದ್ದು ಹಲ್ಲುಗಳಂತೆ ನಿಲ್ಲುತ್ತಿತ್ತು. ರಸ್ತೆಯನ್ನು ಕೆಡಿಸುವ ಚಕ್ರವೂ ಕೆಟ್ಟ ರಸ್ತೆಯಿಂದ ಪೆಟ್ಟು ತಿನ್ನುವ ಚಕ್ರವೂ ಒಂದೇ ಆಗಿತ್ತು.

ಇದೇ ಕಾಲದಲ್ಲಿ ಜಟಕಾ ಮತ್ತು ಸಾರೋಟುಗಳು ಪ್ರಚಾರಕ್ಕೆ ಬಂದುವು. ಇಂಗ್ಲೆಂಡಿನಲ್ಲಿ ಒಬಾಡಿಯ ಎಲಿಯಟ್ ಎಂಬುವನು ೧೮೦೪ರಲ್ಲಿ ಅಂಡಾಕೃತಿಯ ಉಕ್ಕಿನ ಕಮಾನು ಪಟ್ಟಿಗೆ ಪೇಟೆಂಟು ಪಡೆದಿದ್ದನು. ಅಚ್ಚಿಗೂ ಗಾಡಿಯ ಪೆಟ್ಟಿಗೆಗೂ ನಡುವೆ ಈ ಕಮಾನು ಬಂದದ್ದು ವಾಹನ ಚರಿತ್ರೆಯಲ್ಲಿ ದೊಡ್ಡ ತಿರುವು. ಆದರೆ ಇಲ್ಲಿಯೂ ಹಳೆಯ ಕ್ರಮವೇ ಮುಂದುವರಿಯಿತು. ಮೆತ್ತೆ ಹಿಂದಿನ ಆಸನಕ್ಕೆ. ಸಾರಥಿ ಕುಳಿತುಕೊಂಡದ್ದು ಮುಂದಣ ಹಲಗೆಯ ಮೇಲೆ ಅಥವಾ ತೋಳುಮರದ ಬುಡದಲ್ಲಿ. ವಾಹನಕ್ಕೆ ಕಮಾನು ಬಂದ ಕಾಲದಲ್ಲಿಯೂ ವಾಹನ ನಡೆಸುವವನ ಪೀಠ ಮರದ ಹಲಗೆಯಾಗಿಯೇ ಉಳಿಯಿತು.

೪

ಮೋಟಾರು ಬಂದಾಗ ಪರಿಸ್ಥಿತಿ ಹೇಗೆ ಬದಲಾಯಿತೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕಾಚಾರ ಅಗತ್ಯ. ಇದನ್ನು ಇತಿಹಾಸದ ವಿದ್ಯಾರ್ಥಿಗಳು ಅನ್ಯಶಾಸ್ತ್ರವೆಂದು ಬಿಡಬಾರದು. ಇದರಲ್ಲಿಯೇ ವಿಷಯದ ತಿರುಳಿದೆ.

ಕಂಪನದ ಆವೃತ್ತಿ ವಾಹನದ ವೇಗವನ್ನೂ ರಸ್ತೆಯ ಏರುತಗ್ಗುಗಳ ಅಂತರವನ್ನೂ ಅವಲಂಬಿಸಿದೆ. ಎತ್ತಿನ ಗಾಡಿ ಸೆಕೆಂಡಿಗೆ ಸುಮಾರು ಒಂದು ಮೀಟರು ಹೋಗುತ್ತದೆಂದು ಇಟ್ಟುಕೊಳ್ಳೋಣ. ಹತ್ತು ಸೆಂಟಿಮೀಟರಿಗೊಂದು ಜಲ್ಲಿಕಲ್ಲು ಎದ್ದಿದ್ದರೆ ಗಾಡಿಯವನಿಗೆ ಸೆಕೆಂಡಿಗೆ ಹತ್ತು ಪೆಟ್ಟು ಬೀಳುತ್ತದೆ. ಅದೇ ರಸ್ತೆಯಲ್ಲಿ ಮೂರು ಮೀಟರಿಗೊಂದು ಮೆಲ್ಲನೆಯ ಏರುತಗ್ಗಿದ್ದರೆ ಅದು ಮೂರು ಸೆಕೆಂಡಿಗೊಮ್ಮೆ ಬರುವ ತೂಗಾಟ ಮಾತ್ರ. ಗಾಡಿಯವನಿಗೆ ಅದು ಜೋಗುಳ. ಈಗ ಗಂಟೆಗೆ ೫೪ ಕಿಲೋಮೀಟರು, ಅಂದರೆ ಸೆಕೆಂಡಿಗೆ ೧೫ ಮೀಟರು ಹೋಗುವ ಕಾರನ್ನು ಅಲ್ಲಿ ಓಡಿಸಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಮೂರು ಮೀಟರಿನ ಆ ಮೆಲ್ಲನೆಯ ಏರುತಗ್ಗು ಸೆಕೆಂಡಿಗೆ ಐದು ಸಲ ಕುಲುಕುತ್ತದೆ. ಹತ್ತು ಸೆಂಟಿಮೀಟರಿನ ಕಲ್ಲುಗಳು ಸೆಕೆಂಡಿಗೆ ೧೫೦ ಸಲ ಟೈರನ್ನು ಬಡಿಯುತ್ತವೆ. ಅಷ್ಟು ಶೀಘ್ರವಾದದ್ದನ್ನು ಶರೀರ ಪೆಟ್ಟೆಂದು ಎಣಿಸದು, ಕಿವಿ ಮೊರೆತವೆಂದು ಕೇಳುತ್ತದೆ. ಗಾಡಿಯವನಿಗೆ ಕಂಪನವಾಗಿದ್ದದ್ದು ಕಾರಿನವನಿಗೆ ಸದ್ದಾಯಿತು. ಗಾಡಿಯವನಿಗೆ ತೂಗಾಟವಾಗಿದ್ದದ್ದು ಕಾರಿನವನಿಗೆ ಕಂಪನವಾಯಿತು. ರಸ್ತೆ ಒಂದೇ, ವೇಗ ಬದಲಾದುದರಿಂದ ಅದರ ಅರ್ಥ ಬದಲಾಯಿತು.

ಈ ಐದು ಎಂಬ ಸಂಖ್ಯೆ ಆಕಸ್ಮಿಕವಾದರೂ ಮಹತ್ವದ್ದು. ಕುಳಿತ ಮನುಷ್ಯನ ಶರೀರಕ್ಕೆ ತನ್ನದೇ ಆದ ಸಹಜ ಕಂಪನಾವೃತ್ತಿಯುಂಟು. ಮೇಲುಕೆಳಗಾಗಿ ಕುಲುಕಿದಾಗ ಅದು ಸೆಕೆಂಡಿಗೆ ಸುಮಾರು ಐದು. ನಾಲ್ಕರಿಂದ ಎಂಟರವರೆಗಿನ ಆವೃತ್ತಿಯಲ್ಲಿ ಹೊಟ್ಟೆ, ಬೆನ್ನುಮೂಳೆ ಮತ್ತು ಭುಜಗಳು ಪೀಠಕ್ಕಿಂತ ಹೆಚ್ಚಾಗಿ ಅಲುಗುತ್ತವೆ. ಮನುಷ್ಯನು ಕಂಪನವನ್ನು ಎಷ್ಟರಮಟ್ಟಿಗೆ ಗ್ರಹಿಸುತ್ತಾನೆಂಬುದನ್ನು ಜರ್ಮನಿಯಲ್ಲಿ ರೈಹರ್ ಮತ್ತು ಮೈಸ್ಟರ್ ಎಂಬವರು ೧೯೩೧ರಲ್ಲಿ ಪ್ರಯೋಗದಿಂದ ಶ್ರೇಣೀಕರಿಸಿದರು. ಅಂತರರಾಷ್ಟ್ರೀಯ ಪ್ರಮಾಣಸಂಸ್ಥೆಯ ೨೬೩೧ನೆಯ ಪ್ರಮಾಣ ೧೯೭೪ರಲ್ಲಿ ಹೊರಟು ೧೯೯೭ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಕಂಪನದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ೦.೩೧೫ ಮೀಟರಿಗಿಂತ ಕಡಿಮೆಯಿದ್ದರೆ ಪ್ರಯಾಣಿಕನಿಗೆ ಅಸೌಖ್ಯವಿಲ್ಲ, ೦.೮ರಿಂದ ೧.೬ರವರೆಗೆ ಅಸೌಖ್ಯ, ೨ನ್ನು ಮೀರಿದರೆ ಅತ್ಯಂತ ಅಸೌಖ್ಯ. ಐರೋಪ್ಯ ಒಕ್ಕೂಟ ೨೦೦೨ರ ತನ್ನ ನಿರ್ದೇಶದಲ್ಲಿ, ಎಂಟು ಗಂಟೆಯ ದುಡಿಮೆಗೆ ಸರಾಸರಿ ೦.೫ ಮೀರಿದರೆ ಮಾಲೀಕನು ಕ್ರಮಕೈಗೊಳ್ಳಬೇಕೆಂದೂ ೧.೧೫ ಮೀರಕೂಡದೆಂದೂ ಗೊತ್ತುಮಾಡಿತು. ವೃತ್ತಿಚಾಲಕರಲ್ಲಿ ಸೊಂಟನೋವು ಹೆಚ್ಚೆಂಬುದನ್ನು ಅನೇಕ ದೇಶಗಳ ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ಅದಕ್ಕೆ ಕಂಪನವೊಂದೇ ಕಾರಣವಲ್ಲ. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತಿರುವುದೂ, ಮೈತಿರುಚಿ ಹಿಂದುಮುಂದು ನೋಡುವುದೂ, ಭಾರ ಎತ್ತುವುದೂ ಅದರೊಂದಿಗೆ ಸೇರುತ್ತವೆ.

ಸದ್ದಿನ ಅಳತೆ ಡೆಸಿಬೆಲ್. ಇದು ಸಾಮಾನ್ಯ ಕೂಡಿಕೆಯ ಲೆಕ್ಕವಲ್ಲ: ಮೂರು ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿಯಾಗುತ್ತದೆ, ಹತ್ತು ಏರಿದರೆ ಕಿವಿಗೆ ಇಮ್ಮಡಿಯಾದಂತೆ ಕೇಳುತ್ತದೆ. ದಿನಕ್ಕೆ ಎಂಟು ಗಂಟೆ ೮೫ ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಶ್ರವಣಶಕ್ತಿಗೆ ಹಾನಿಯುಂಟೆಂಬುದು ಶಾಸ್ತ್ರಜ್ಞರು ಒಪ್ಪಿದ ಮಾತು. ದೊಡ್ಡಬಳ್ಳಾಪುರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿದ್ಯುನ್ಮಗ್ಗಗಳ ನಡುವೆ ಬಾಳು ಸವೆಸಿದವರು ಮನೆಯಲ್ಲಿಯೂ ಗಟ್ಟಿಯಾಗಿ ಮಾತನಾಡುವುದನ್ನು ಆ ಊರು ಬಲ್ಲದು.

೫

ಮೋಟಾರಿಗೆ ಜಲ್ಲಿರಸ್ತೆ ಒಗ್ಗಲಿಲ್ಲ. ಶೀಘ್ರವಾಗಿ ತಿರುಗುವ ರಬ್ಬರು ಚಕ್ರ ಜಲ್ಲಿಯನ್ನು ಹಿಡಿದಿಟ್ಟಿದ್ದ ಮಣ್ಣನ್ನು ಧೂಳಾಗಿ ಹೀರಿ ಎಸೆಯುತ್ತಿತ್ತು. ಈ ಸಮಸ್ಯೆ ಪ್ರಪಂಚದಾದ್ಯಂತ ತಲೆದೋರಿದ್ದರಿಂದಲೇ ೧೯೦೮ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ರಸ್ತೆ ಸಮ್ಮೇಳನ ಸೇರಿತು. ನಮ್ಮ ದೇಶದಲ್ಲಿ ೧೯೨೭ರ ಜಯಕರ್ ಸಮಿತಿ, ೧೯೩೪ರ ಭಾರತೀಯ ರಸ್ತೆ ಕಾಂಗ್ರೆಸ್ಸು, ೧೯೪೩ರ ನಾಗಪುರ ಯೋಜನೆ, ಇವು ಟಾರುರಸ್ತೆಯ ಯುಗವನ್ನು ತಂದುವು. ಟಾರು ಹಾಕಿದಮೇಲೆ ಸಣ್ಣ ಪೆಟ್ಟುಗಳು ಅಡಗಿದುವು. ೧೮೮೮ರಲ್ಲಿ ಡನ್‌ಲಪ್ಪನು ಬಳಕೆಗೆ ತಂದ ಗಾಳಿಟೈರು ಉಳಿದ ಪೆಟ್ಟನ್ನು ಮೆತ್ತಗೆ ಮಾಡಿತು. ಈ ಟೈರೇ ಹಿಮ್ಮೊಗವಾಗಿ ಎತ್ತಿನ ಗಾಡಿಗೂ ಬಂದು ‘ಟೈರ್ ಗಾಡಿ’ ಎನಿಸಿಕೊಂಡಿತು. ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನೇ ಒಂದು ವ್ರತದಂತೆ ಕೈಕೊಂಡಿದ್ದರು. ಎತ್ತಿನ ಕೊರಳಿನ ಹುಣ್ಣನ್ನೂ ದೇಶದ ಸಾರಿಗೆಯ ಲೆಕ್ಕದಲ್ಲಿ ಸೇರಿಸಬೇಕೆಂದು ಅವರು ವಾದಿಸಿದರು. ಸಾರಥಿಯ ಸೊಂಟದ ಪರವಾಗಿ ಅಂಥ ವಕೀಲರು ಹುಟ್ಟಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದುವು. ಸ್ವಾತಂತ್ರ್ಯಾನಂತರ, ೧೯೪೮ರ ಸೆಪ್ಟೆಂಬರ್ ೧೨ರಂದು ೧೨೦ ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಅದು ೧೯೬೧ರ ಆಗಸ್ಟ್ ೧ರಂದು ನಿಗಮವಾಯಿತು. ಅದೇ ಕಾಲಕ್ಕೆ ದೇಶದಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ಟಾಟಾ ಕಾರ್ಖಾನೆಗಳು ಡೀಸೆಲ್ ಚಾಸಿಗಳನ್ನು ತಯಾರಿಸತೊಡಗಿದುವು. ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆ ಚಾಸಿ ಮೂಲತಃ ಲಾರಿಯದು. ಬಸ್ಸೆಂದರೆ ಲಾರಿಯ ಚಾಸಿಯ ಮೇಲೆ ಕಟ್ಟಿದ ಕೋಣೆ. ಭಾರ ಹೊರುವುದಕ್ಕೆಂದು ಮಾಡಿದ ಕಮಾನು ಪಟ್ಟಿಗಳು ಬಿರುಸಾಗಿದ್ದುವು. ಎಂಜಿನು ಮುಂಭಾಗದಲ್ಲಿ, ಚಾಲಕನ ಎಡಮಗ್ಗುಲಲ್ಲೇ ಇತ್ತು. ಅದರ ಬಾನೆಟ್ಟಿಗೆ ದಪ್ಪ ರೆಕ್ಸಿನ್ ಹೊದಿಕೆ ಹಾಕಿ, ಜನಸಂದಣಿಯಿದ್ದಾಗ ಅದರ ಮೇಲೂ ಪ್ರಯಾಣಿಕರು ಕುಳಿತುಕೊಳ್ಳುತ್ತಿದ್ದರು.

ಚಾಲಕನ ಶರೀರದ ಸುತ್ತ ಒಂದು ನಕ್ಷೆಯನ್ನು ಬರೆದುಕೊಂಡರೆ ಈ ವಿನ್ಯಾಸದ ಅರ್ಥ ಸ್ಪಷ್ಟವಾಗುತ್ತದೆ. ಎಡಗಿವಿಗೆ ಎಂಜಿನಿನ ಬಡಿತ, ಎಡಗಾಲಿಗೆ ಅದರ ಕಾವು. ಬಲಗಿವಿಗೆ ತೆರೆದ ಕಿಟಕಿಯಿಂದ ಗಾಳಿಯ ಮೊರೆತ ಮತ್ತು ಎದುರು ವಾಹನಗಳ ಹಾರನ್ನು. ಪೀಠದಿಂದ ಬೆನ್ನಿಗೆ ರಸ್ತೆಯ ಕುಲುಕು. ಸ್ಟಿಯರಿಂಗ್ ಚಕ್ರದಿಂದ ಅಂಗೈಗೆ, ಗೇರ್ ಕೋಲಿನಿಂದ ಎಡಗೈಗೆ ಎಂಜಿನಿನ ನಡುಕ. ವಾಹನದಲ್ಲಿರುವ ಐವತ್ತು ಜನರಲ್ಲಿ ಅತ್ಯಂತ ಎಚ್ಚರದಿಂದಿರಬೇಕಾದವನನ್ನೇ ಅತ್ಯಂತ ಗದ್ದಲದ ಜಾಗದಲ್ಲಿ ಕೂರಿಸಿದ್ದಾಯಿತು. ಪ್ರಯಾಣಿಕನು ಹೊಸಕೋಟೆಯಲ್ಲಿಯೋ ನೆಲಮಂಗಲದಲ್ಲಿಯೋ ಇಳಿದುಹೋಗುತ್ತಾನೆ. ಚಾಲಕನು ಬಸ್ಸನ್ನು ತಿರುಗಿಸಿಕೊಂಡು ಮತ್ತೆ ಹೊರಡುತ್ತಾನೆ.

ಲಾರಿ ಚಾಲಕನ ಸ್ಥಿತಿ ಇದಕ್ಕಿಂತ ಕೀಳಾಗಿತ್ತು. ಕಾರ್ಖಾನೆಯಿಂದ ಬರಿಯ ಚಾಸಿ ಹೊರಬೀಳುತ್ತಿತ್ತು. ಕ್ಯಾಬಿನನ್ನು ಊರೂರಿನ ಬಡಗಿಗಳು ಮರದಲ್ಲಿ ಕಟ್ಟುತ್ತಿದ್ದರು. ಆ ಕ್ಯಾಬಿನು ಕಟ್ಟುವ ಊರಿನವರೆಗೆ, ಗಾಜಿಲ್ಲದ, ಬಾಗಿಲಿಲ್ಲದ ಬೋಳು ಚಾಸಿಯ ಮೇಲೆ ತಾತ್ಕಾಲಿಕ ಪೀಠವೊಂದನ್ನು ಕಟ್ಟಿಕೊಂಡು, ತಲೆಗೆ ವಸ್ತ್ರ ಸುತ್ತಿ ಕನ್ನಡಕ ಧರಿಸಿ, ನೂರಾರು ಮೈಲಿ ಓಡಿಸಿಕೊಂಡು ಹೋಗುವ ಚಾಲಕರು ನೆಲಮಂಗಲದ ಹೆದ್ದಾರಿಯಲ್ಲಿ ಸಾಮಾನ್ಯ ದೃಶ್ಯವಾಗಿದ್ದರು. ಅವರನ್ನು ಮೂಕಿಯ ಮೇಲಣ ಗಾಡಿಯವನ ನೇರ ವಾರಸುದಾರರೆನ್ನಬಹುದು. ಟ್ರ್ಯಾಕ್ಟರು ಇನ್ನೊಂದು ನಿದರ್ಶನ. ಗದ್ದೆಗಾಗಿ ಹುಟ್ಟಿದ ಆ ಯಂತ್ರದ ಹಿಂದಣ ಅಚ್ಚಿಗೆ ಸಾಮಾನ್ಯವಾಗಿ ಕಮಾನೇ ಇಲ್ಲ. ಟೈರು ಮತ್ತು ಪೀಠದ ಸ್ಪ್ರಿಂಗು ಬಿಟ್ಟರೆ ಕುಲುಕನ್ನು ತಡೆಯುವುದು ಮತ್ತೇನೂ ಇಲ್ಲ. ಎತ್ತಿನ ಗಾಡಿಗೆ ಬದಲಾಗಿ ಟ್ರೈಲರು ಕಟ್ಟಿಕೊಂಡು ಅದು ರಸ್ತೆಗೆ ಬಂದಾಗ ಗಾಡಿಯವನ ಮಗ ತಂದೆಯ ಕಂಪನವನ್ನೇ ಆಸ್ತಿಯಾಗಿ ಪಡೆದನು.

ಖಾಸಗಿ ಕಾರಿನಲ್ಲಿ ಮಾತ್ರ ಸುಧಾರಣೆ ಬೇಗ ಬಂದಿತು. ಅಂಬಾಸಡರ್ ಮತ್ತು ಫಿಯಟ್ ಕಾರುಗಳ ಕಾಲದಿಂದ ೧೯೮೩ರ ಮಾರುತಿಯವರೆಗೆ ಬಂದರೆ ಸ್ಪ್ರಿಂಗು, ಷಾಕ್ ಅಬ್ಸಾರ್ಬರ್, ರಬ್ಬರು ಬುಷ್‌ಗಳು ಒಂದೊಂದಾಗಿ ನಾಜೂಕಾದುವು. ಕಾರಣ ಸ್ಪಷ್ಟ: ಕಾರಿನಲ್ಲಿ ಅನೇಕವೇಳೆ ಕೊಂಡವನೇ ಚಾಲಕ. ಹಣ ತೆರುವವನ ಬೆನ್ನು ಮುಂದಣ ಪೀಠದ ಮೇಲೆ ಬಂದಾಗ ಆ ಪೀಠಕ್ಕೆ ಮೆತ್ತೆಯೂ ಬಂದಿತು.

೬

ಈ ಚರಿತ್ರೆಯ ತಿರುವು ನಮ್ಮ ಪ್ರದೇಶದಲ್ಲಿಯೇ, ಹೊಸಕೋಟೆಯಲ್ಲಿ ಸಂಭವಿಸಿತೆಂಬುದು ಸ್ವಾರಸ್ಯದ ಸಂಗತಿ. ಸ್ವೀಡನ್ನಿನ ವೋಲ್ವೊ ಸಂಸ್ಥೆ ೧೯೯೮ರಲ್ಲಿ ಹೊಸಕೋಟೆಯ ಬಳಿಯ ತನ್ನ ಕಾರ್ಖಾನೆಯಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು; ೨೦೦೧ರಲ್ಲಿ ಬಿ೭ಆರ್ ಎಂಬ ಬಸ್ಸು ಬಂದಿತು. ಲಾರಿಯ ಚಾಸಿಯನ್ನು ಎರವಲು ತರದೆ ಬಸ್ಸಿಗೆಂದೇ ರೂಪಿಸಿದ ವಾಹನ ಅದು. ಎಂಜಿನು ಹಿಂದಕ್ಕೆ ಹೋಯಿತು. ಉಕ್ಕಿನ ಪಟ್ಟಿಗಳ ಸ್ಥಾನದಲ್ಲಿ ಗಾಳಿ ತುಂಬಿದ ರಬ್ಬರು ಚೀಲಗಳು ಬಂದುವು. ಗಾಳಿಚೀಲದ ಗುಣವೆಂದರೆ ಭಾರ ಹೆಚ್ಚಿದಾಗ ಅದರೊಳಗಿನ ಒತ್ತಡವನ್ನು ಹೆಚ್ಚಿಸಿ, ಬಸ್ಸು ತುಂಬಿರಲಿ ಖಾಲಿಯಿರಲಿ, ತೂಗಾಟದ ಆವೃತ್ತಿಯನ್ನು ಸುಮಾರಾಗಿ ಒಂದೇ ಮಟ್ಟದಲ್ಲಿ ಇಡಬಹುದು. ಬಸ್ಸಿನ ತೂಗಾಟ ಸೆಕೆಂಡಿಗೆ ಒಂದೆರಡು ಸಲಕ್ಕೆ ಇಳಿದರೆ ಶರೀರಕ್ಕೆ ಅಹಿತವಾದ ಐದರ ನೆರೆಯಿಂದ ಅದು ದೂರವಾಗುತ್ತದೆ. ಬಿರುಸು ಪಟ್ಟಿಯ ಬಸ್ಸು ಖಾಲಿಯಾದಾಗ ಹೆಚ್ಚಾಗಿ ಎತ್ತಿಹಾಕುವುದನ್ನು ಬಲ್ಲವರಿಗೆ ಈ ವ್ಯತ್ಯಾಸ ಅನುಭವದಿಂದಲೇ ತಿಳಿದಿದೆ.

ಈ ಬಸ್ಸುಗಳನ್ನು ರಾಜ್ಯ ಸಾರಿಗೆ ನಿಗಮ ‘ಐರಾವತ’ವೆಂಬ ಹೆಸರಿನಲ್ಲಿ ಓಡಿಸಿತು; ೨೦೦೬ರ ವೇಳೆಗೆ ಬೆಂಗಳೂರು ಮಹಾನಗರ ಸಾರಿಗೆಯಲ್ಲಿಯೂ ವೋಲ್ವೊ ಬಸ್ಸುಗಳು ಕಾಣಿಸಿಕೊಂಡುವು; ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ‘ವಾಯು ವಜ್ರ’ ಎಂಬ ಹೆಸರಿನಿಂದ ಅಲ್ಲಿಗೂ ಹೋದುವು. ಇವುಗಳನ್ನು ಕೊಂಡದ್ದು ಹೆಚ್ಚಿನ ದರ ತೆರಬಲ್ಲ ಪ್ರಯಾಣಿಕನ ಸುಖಕ್ಕಾಗಿ. ಚಾಲಕನ ಎಡಗಿವಿಗೆ ದೊರೆತ ವಿಶ್ರಾಂತಿ ಆ ವ್ಯವಹಾರದ ಜೊತೆಗೆ ಬಂದ ಕೊಸರು. ಕೊಸರಾದರೂ ಅದು ದೊಡ್ಡದು. ಪಲ್ಲಕ್ಕಿಯ ಕಾಲದಿಂದ ಸಾಗಿಬಂದ ಚರಿತ್ರೆಯಲ್ಲಿ ಕುಳಿತವನಿಗೆ ಮಾಡಿದ ಏರ್ಪಾಡಿನ ಫಲ ನಡೆಸುವವನಿಗೂ ಸಿಕ್ಕಿದ ಸಂದರ್ಭಗಳು ವಿರಳ. ಆದರೆ ಅದೇ ತಾಲೂಕುಗಳ ಹಳ್ಳಿಗಳಿಗೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಎಂಜಿನು ಚಾಲಕನ ಪಕ್ಕದಲ್ಲಿಯೇ ಉಳಿಯಿತೆಂಬುದನ್ನೂ ಮರೆಯಬಾರದು. ಸೌಖ್ಯದ ಭೂಪಟ ಟಿಕೆಟ್ಟಿನ ದರದ ಭೂಪಟವನ್ನೇ ಅನುಸರಿಸಿತು.

೭

ಕಾನೂನು ಈ ವಿಷಯದಲ್ಲಿ ಏನನ್ನು ಕಂಡಿತು, ಏನನ್ನು ಕಾಣಲಿಲ್ಲ? ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ವಿಧಿಸಿತು; ವಿಶ್ರಾಂತಿಗೃಹ, ಸಮವಸ್ತ್ರ, ಉಪಾಹಾರಗೃಹಗಳನ್ನು ಹೇಳಿತು. ದುಡಿಮೆಯ ಕಾಲವನ್ನು ಅದು ಅಳೆಯಿತು; ಆ ಕಾಲದಲ್ಲಿ ಶರೀರದೊಳಗೆ ಹೊಕ್ಕ ಕಂಪನವನ್ನು ಅಳೆಯಲಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯ ಅನುಸೂಚಿಯಲ್ಲಿ ಸದ್ದಿನಿಂದಾಗುವ ಕಿವುಡುತನಕ್ಕೆ ಸ್ಥಾನ ದೊರೆಯಿತು. ಆದರೆ ಚಾಲಕನ ದುಡಿಮೆಯ ಸ್ಥಳ ಕಾರ್ಖಾನೆಯಲ್ಲ, ರಸ್ತೆ. ಈ ಎರಡು ಕಾಯಿದೆಗಳನ್ನೂ ೨೦೨೦ರ ವೃತ್ತಿಸುರಕ್ಷತಾ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿತು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಲವು ಸ್ವರದ ಕರ್ಕಶ ಹಾರನ್ನುಗಳನ್ನು ನಿಷೇಧಿಸಿದುವು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಎಂದು ಗೊತ್ತುಮಾಡಿದುವು. ಇವೆಲ್ಲ ರಸ್ತೆಯ ಪಕ್ಕದ ನಾಗರಿಕನ ಕಿವಿಯನ್ನು ಕುರಿತವು. ವಾಹನದ ಒಳಗೆ ಕುಳಿತವನ ಕಿವಿಯ ಕಡೆಗೆ ಗಮನ ಹರಿದದ್ದು ತಡವಾಗಿ. ಕೇಂದ್ರ ಸರ್ಕಾರ ೨೦೨೩ರ ಡಿಸೆಂಬರಿನಲ್ಲಿ, ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಪ್ರಕಟಿಸಿತು. ಉದ್ದೇಶ ಸೆಕೆಯ ನಿವಾರಣೆಯಾದರೂ ಅದರ ಪರಿಣಾಮ ಕಿವಿಗೂ ಮುಟ್ಟುತ್ತದೆ. ಕಿಟಕಿ ಮುಚ್ಚಿದಾಗ ಬಲಗಿವಿಗೆ ಗಾಳಿ ಮತ್ತು ಹಾರನ್ನುಗಳಿಂದ ಮರೆ ದೊರೆಯುತ್ತದೆ.

೮

ಇನ್ನು ಇಂದಿನ ರಸ್ತೆಯನ್ನು ನೋಡೋಣ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಬರುವ ಉಪನಗರ ವರ್ತುಲ ರಸ್ತೆ, ಹಿಂದೆ ಒಂದೊಂದೂ ಬೆಂಗಳೂರಿಗೆ ಮುಖಮಾಡಿದ್ದ ಊರುಗಳನ್ನು ಪರಸ್ಪರ ಹೊಲಿದಿದೆ. ಹೆದ್ದಾರಿ ನುಣುಪಾದಷ್ಟೂ ವೇಗ ಏರುತ್ತದೆ. ವೇಗ ಏರಿದಷ್ಟೂ ಟೈರಿನ ಮತ್ತು ಗಾಳಿಯ ಸದ್ದು ಏರುತ್ತದೆ. ಗಂಟೆಗೆ ಸುಮಾರು ೫೦ ಕಿಲೋಮೀಟರು ದಾಟಿದಮೇಲೆ ಕಾರಿನಲ್ಲಿ ಎಂಜಿನಿಗಿಂತ ಟೈರೇ ಹೆಚ್ಚಾಗಿ ಸದ್ದುಮಾಡುತ್ತದೆ. ಹೆದ್ದಾರಿಯಿಂದ ಹಳ್ಳಿಯ ಕಡೆಗೆ ತಿರುಗಿದೊಡನೆ ರಸ್ತೆಯುಬ್ಬು ಎದುರಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗದರ್ಶನದಂತೆ ಉಬ್ಬಿನ ಅಗಲ ೩.೭ ಮೀಟರು, ಎತ್ತರ ಹತ್ತು ಸೆಂಟಿಮೀಟರು ಇರಬೇಕು. ಆಗ ಗಂಟೆಗೆ ೨೫ ಕಿಲೋಮೀಟರಿನಲ್ಲಿ ಸುಖವಾಗಿ ದಾಟಬಹುದು. ಊರವರು ತಾವೇ ಹಾಕಿಕೊಂಡ ಕಿರಿದಾದ, ಕಡಿದಾದ ಉಬ್ಬು ಎಷ್ಟು ನಿಧಾನವಾಗಿ ಹೋದರೂ ಬೆನ್ನಿಗೆ ಗುದ್ದುತ್ತದೆ. ಮಕ್ಕಳ ಪ್ರಾಣರಕ್ಷಣೆಗೆ ಉಬ್ಬು ಬೇಕು. ಆದರೆ ದಿನಕ್ಕೆ ನೂರು ಸಲ ಅದನ್ನು ದಾಟುವವನ ಬೆನ್ನಿಗೆ ಅದರ ಆಕಾರ ಮುಖ್ಯ.

ವಿದ್ಯುತ್ ವಾಹನಗಳು ಎಂಜಿನಿನ ಬಡಿತವನ್ನೇ ನಿವಾರಿಸಿವೆ. ೨೦೦೧ರಲ್ಲಿ, ಹೊಸಕೋಟೆಯ ಬಸ್ಸು ಹೊರಬಂದ ವರ್ಷವೇ, ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರೂ ಹೊರಬಂದದ್ದು ಇಲ್ಲಿ ಸ್ಮರಣಾರ್ಹ. ಆದರೆ ದೊಡ್ಡ ಸದ್ದು ಅಡಗಿದಾಗ ಅದರ ಮರೆಯಲ್ಲಿದ್ದ ಸಣ್ಣ ಸದ್ದುಗಳು ಮೇಲೇಳುತ್ತವೆ. ಟೈರಿನ ಮೊರೆತ, ಗಾಜಿನ ಗಲಗಲ ಎಲ್ಲ ಕಿವಿಗೆ ಬೀಳುತ್ತವೆ. ಎಂಜಿನಿನ ದನಿಯಿಂದಲೇ ಗೇರು ಬದಲಿಸುವ ಹದವನ್ನು ಅರಿಯುತ್ತಿದ್ದ ಚಾಲಕನ ವಿದ್ಯೆಯೊಂದು ಅದರೊಂದಿಗೆ ಮರೆಯಾಗುತ್ತದೆ. ಕೀಲೆಣ್ಣೆ ಒಣಗಿದ್ದನ್ನು ಕಿವಿಯಿಂದ ತಿಳಿದ ಗಾಡಿಯವನ ವಿದ್ಯೆಗೆ ಆದದ್ದೂ ಇದೇ.

೯

ಮೇಲಿನ ಸಮೀಕ್ಷೆಯಿಂದ ಹೊರಡುವ ನಿರ್ಣಯಗಳನ್ನು ಸಂಕ್ಷೇಪಿಸಬಹುದು. ಸದ್ದು ಮತ್ತು ಕಂಪನಗಳು ಕೇವಲ ಯಂತ್ರದ ದೋಷಗಳಲ್ಲ. ಒಂದು ಸಮಾಜ ಯಾರ ಶರೀರವನ್ನು ಲೆಕ್ಕಕ್ಕೆ ಹಿಡಿಯುತ್ತದೆಂಬುದರ ದಾಖಲೆಗಳು. ಹುಲ್ಲಿನ ಹಾಸು, ಉಕ್ಕಿನ ಕಮಾನು, ಗಾಳಿಚೀಲ, ಇವು ಮೊದಲು ಬಂದದ್ದು ಪ್ರಯಾಣಿಕನಿಗಾಗಿ; ನಡೆಸುವವನಿಗೆ ಮುಟ್ಟಿದ್ದು ಕೊನೆಗೆ, ಅದೂ ಬಹುಮಟ್ಟಿಗೆ ಪರೋಕ್ಷವಾಗಿ. ರಸ್ತೆ ಸುಧಾರಿಸಿತೆಂದು ಹೇಳುವಾಗ ಯಾವ ವೇಗಕ್ಕೆ, ಯಾವ ವಾಹನಕ್ಕೆ, ಯಾರ ಪೀಠಕ್ಕೆ ಎಂದು ಕೇಳುವುದು ಇತಿಹಾಸಕಾರನ ಕರ್ತವ್ಯ.

ಈ ಕರ್ತವ್ಯಕ್ಕೆ ಬೇಕಾದ ಆಕರಗಳು ಪತ್ರಾಗಾರಗಳಿಗಿಂತ ಹೆಚ್ಚಾಗಿ ಮನುಷ್ಯರಲ್ಲಿವೆ. ನಮ್ಮ ನಾಲ್ಕು ತಾಲೂಕುಗಳ ಕಾಲೇಜುಗಳಲ್ಲಿ ಓದುವ ಅನೇಕ ವಿದ್ಯಾರ್ಥಿಗಳ ತಂದೆಯೋ ಅಜ್ಜನೋ ಗಾಡಿ ಹೊಡೆದವರು, ಲಾರಿ ಬಸ್ಸುಗಳನ್ನು ನಡೆಸಿದವರು, ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರು. ಅವರ ಮಾತನ್ನು ಬರೆದುಕೊಳ್ಳುವುದು, ಮೂಕಿ, ಅಚ್ಚು, ಕಡಾಣಿ ಮೊದಲಾದ ಶಬ್ದಗಳನ್ನು ಅವುಗಳ ಅರ್ಥದೊಡನೆ ಸಂಗ್ರಹಿಸುವುದು, ಯಾವ ವಯಸ್ಸಿನಲ್ಲಿ ಬೆನ್ನು ಹಿಡಿಯಿತು, ಯಾವ ಕಿವಿ ಮೊದಲು ಮಂದವಾಯಿತು ಎಂದು ಕೇಳುವುದು ಕಷ್ಟದ ಕೆಲಸವಲ್ಲ. ಎಂಜಿನನ್ನು ಪಕ್ಕದಲ್ಲಿಟ್ಟುಕೊಂಡು ದುಡಿದ ಪೀಳಿಗೆ ನಿವೃತ್ತವಾಗಿ ಮನೆ ಸೇರುತ್ತಿದೆ. ಆ ಪೀಳಿಗೆಯೊಡನೆ ಮಾತನಾಡುವವರು ಸ್ವಲ್ಪ ಗಟ್ಟಿಯಾಗಿ, ಅವರ ಬಲಗಡೆಯಲ್ಲಿ ಕುಳಿತು ಮಾತನಾಡಬೇಕಾದೀತು. ಅದೂ ಒಂದು ಚಾರಿತ್ರಿಕ ಸಾಕ್ಷ್ಯವೇ.